ತಂಗಿಗೆ ಕ್ರಿಮಿನಾಲಜಿ ಕಾಲೇಜ್ ಹುಡುಕಾಟ | ಕುಪರ್ಟಿನೋ, ಸಾರಾಟೋಗಾ ವ್ಲಾಗ್

ಇದು ಕ್ಯಾಲಿಫೋರ್ನಿಯಾದ ಕುಪರ್ಟಿನೋದಲ್ಲಿರೋ ಡಿ ಆಂಝಾ ಕಾಲೇಜು. ಮುಂದೆ ಹೋಗ್ತಿರೋಳು ನಮ್ಮ ಚಿಕ್ಕಮ್ಮನ ಮಗಳು. ಮುಖ ತೋರಿಸ್ಬೇಡ ಅಂದಿದಾಳೆ, ಬ್ಯಾಗ್ ನೋಡ್ಕೊಳ್ಳಿ. ಎರಡು ವರ್ಷದ ಅಸೋಸಿಯೇಟ್ ಡಿಗ್ರಿ ಬೇಕು ಅವಳಿಗೆ, ಕ್ರಿಮಿನಾಲಜಿಯಲ್ಲಿ, ಅಂದ್ರೆ ಅಪರಾಧಶಾಸ್ತ್ರದಲ್ಲಿ. ಇಲ್ಲಿನ ಕಮ್ಯುನಿಟಿ ಕಾಲೇಜುಗಳಲ್ಲಿ, ಅಂದ್ರೆ ಇಂಥ ಎರಡು ವರ್ಷದ ಸರ್ಕಾರಿ ಕಾಲೇಜುಗಳಲ್ಲಿ, ಅದು ಹೆಚ್ಚಾಗಿ 'ಅಡ್ಮಿನಿಸ್ಟ್ರೇಷನ್ ಆಫ್ ಜಸ್ಟಿಸ್' ಅಂತ ಇರುತ್ತೆ, ಹುಡುಕೋರು ಹಾಗೇ ಹುಡುಕಿ.

ಫೀಸ್ ಲೆಕ್ಕ ಯೂನಿಟ್ ಮೇಲೆ, ಪ್ರತಿ ಕ್ಲಾಸ್‌ಗೂ ಇಷ್ಟು ಯೂನಿಟ್ ಅಂತ ಇರುತ್ತೆ. ಡಿ ಆಂಝಾದಲ್ಲಿ ಸೆಮಿಸ್ಟರ್‌ಗಿಂತ ಚಿಕ್ಕ ಅವಧಿಯ ಕ್ವಾರ್ಟರ್ ಪದ್ಧತಿ, ಯೂನಿಟ್‌ಗೆ 31 ಡಾಲರ್, ಡಿಗ್ರಿಗೆ 90 ಯೂನಿಟ್ ಬೇಕು. ಸಾರಾಟೋಗಾದ ವೆಸ್ಟ್ ವ್ಯಾಲಿಯಲ್ಲಿ ಸೆಮಿಸ್ಟರ್ ಯೂನಿಟ್‌ಗೆ 46, ಬೇಕಾಗೋದು 60. ಗುಣಿಸಿದ್ರೆ 2,790, 2,760. ಮೂವತ್ತು ಡಾಲರ್ ವ್ಯತ್ಯಾಸ, ಅಷ್ಟೇ! ಕ್ಯಾಲಿಫೋರ್ನಿಯಾ ನಿವಾಸಿಗಳ ಲೆಕ್ಕ ಇದು. ಹೊರಗಿನವರಿಗೆ ಎಷ್ಟೋ ಪಟ್ಟು ಜಾಸ್ತಿ.

ಲೈಬ್ರರಿ ಹತ್ರ ಹೋಗೋವರೆಗೆ ಒಂದು ಫೋನ್ ಕಾಲ್ ವಿಷಯ ಹೇಳ್ತೀನಿ, ಹೇಳದಿದ್ರೆ ಸಮಾಧಾನ ಆಗಲ್ಲ. ಯಾವುದೋ ಪ್ರೈವೇಟ್ ಕಾಲೇಜಿನ ಜಾಹೀರಾತಲ್ಲಿ ಇವಳು ನಂಬರ್ ಕೊಟ್ಟಿದ್ಲು. ಬೆಳಿಗ್ಗೆ ಫೋನ್, ಊಟಕ್ಕೆ ಕೂತ್ರೆ ಫೋನ್. ಇವತ್ತೇ ಸೇರಿ, ಸೀಟ್ ಮುಗೀತಿದೆ ಅಂತ. ಒಟ್ಟು ಫೀಸ್ ಎಷ್ಟು ಅಂದ್ರೆ ತಿಂಗಳ ಕಂತು ಹೇಳ್ತಾರೆ. ನಿಮ್ಮಲ್ಲಿ ಓದಿದ ಯೂನಿಟ್‌ಗಳನ್ನ ಮುಂದೆ ಸ್ಯಾನ್ ಹೋಸೆ ಸ್ಟೇಟ್ ಯೂನಿವರ್ಸಿಟಿ ಒಪ್ಪುತ್ತಾ ಅಂದ್ರೆ, ಅದು ಅವರಿಗೆ ಬಿಟ್ಟಿದ್ದು ಅಂತಾರೆ. ಹದಿನೆಂಟರ ಹುಡುಗಿ ತಲೆ ಮೇಲೆ ಸಾಲ ಹೊರಿಸೋಕೆ ಅಷ್ಟು ಅವಸರ, ಒಂದು ಪ್ರಶ್ನೆಗೆ ಉತ್ತರ ಕೊಡೋ ತಾಳ್ಮೆ ಇಲ್ಲ. ನಂಗೆ ಮೈಯೆಲ್ಲಾ ಉರಿದುಹೋಯ್ತು.

ನನ್ನ ಭಯ ಸುಮ್ನೆ ಬಂದಿದ್ದಲ್ಲ. ಹೀಲ್ಡ್, ಎವರೆಸ್ಟ್ ಅನ್ನೋ ಪ್ರೈವೇಟ್ ಕಾಲೇಜುಗಳನ್ನ ನಡೆಸ್ತಿದ್ದ ಕೊರಿಂಥಿಯನ್ ಕಂಪನಿ 2015ರಲ್ಲಿ ಬಾಗಿಲು ಹಾಕ್ತು. ಎವರೆಸ್ಟ್‌ನಲ್ಲಿ ಇದೇ ಕ್ರಿಮಿನಲ್ ಜಸ್ಟಿಸ್ ಕೋರ್ಸ್ ಇತ್ತು. ಅಲ್ಲಿ ಓದಿದ ಸುಮಾರು 5,60,000 ಜನರ 580 ಕೋಟಿ ಡಾಲರ್ ಸಾಲ ಮನ್ನಾ ಮಾಡ್ತೀವಿ ಅಂತ ಸರ್ಕಾರ ಹೇಳಿದ್ದು 2022ರಲ್ಲಿ. ಏಳು ವರ್ಷ ಆದ್ಮೇಲೆ!

ಅದಕ್ಕೇ ನಾನು ಹೇಳೋದು, ಕೊನೆಗೆ ಸೇರಬೇಕಾದ ನಾಲ್ಕು ವರ್ಷದ ಯೂನಿವರ್ಸಿಟಿ ಮೊದಲು ಆರಿಸಿ, ಆಮೇಲೆ ಅದಕ್ಕೆ ಹೊಂದೋ ಎರಡು ವರ್ಷದ ಕಾಲೇಜ್ ನೋಡಿ. 2010ರ ಕಾನೂನಿನಿಂದ ಬಂದ 'ಅಸೋಸಿಯೇಟ್ ಡಿಗ್ರಿ ಫಾರ್ ಟ್ರಾನ್ಸ್‌ಫರ್' ಮುಗಿಸಿ, ಬೇಕಾದ ಮಾರ್ಕ್ಸ್ ಇದ್ರೆ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯ ಯಾವುದಾದ್ರೂ ಒಂದು ಕ್ಯಾಂಪಸ್‌ನಲ್ಲಿ ಸೀಟ್ ಗ್ಯಾರಂಟಿ. ಇದೇ ಕ್ಯಾಂಪಸ್ ಬೇಕು ಅಂದ್ರೆ ಗ್ಯಾರಂಟಿ ಇಲ್ಲ. ಇವಳ ಕಣ್ಣು ಆ ಕ್ಯಾಂಪಸ್‌ಗಳಲ್ಲಿ ಒಂದಾದ ಸ್ಯಾನ್ ಹೋಸೆ ಸ್ಟೇಟ್ ಮೇಲೆ, 1930ರಲ್ಲೇ ಪೊಲೀಸ್ ಕೋರ್ಸ್ ಶುರು ಮಾಡಿದ ಜಾಗ. ಯಾವ ಕ್ಲಾಸ್ ಅಲ್ಲಿ ಲೆಕ್ಕಕ್ಕೆ ಬರುತ್ತೆ ಅಂತ 'ಅಸಿಸ್ಟ್' ವೆಬ್‌ಸೈಟಲ್ಲಿ ಪುಕ್ಕಟೆ ನೋಡಬಹುದು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕ್ರಿಮಿನಾಲಜಿ, ಫೊರೆನ್ಸಿಕ್ ಸೈನ್ಸ್ ಒಂದೇ ವಿಭಾಗ. ಅದಕ್ಕೇ ಚಿಕ್ಕಮ್ಮ, ಇವಳು ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡ್ತಾಳೆ ಅಂದ್ಕೊಂಡಿದಾರೆ. ಲ್ಯಾಬ್ ಬೇಕಾದ್ರೆ ಕೆಮಿಸ್ಟ್ರಿ, ಬಯಾಲಜಿ ಓದ್ಬೇಕು, ಈ ಡಿಗ್ರಿ ಸಾಲದು. ಪೊಲೀಸ್ ಆಗೋದಾದ್ರೂ ಈ ರಾಜ್ಯದಲ್ಲಿ 21 ತುಂಬಿರಬೇಕು.

ಹಾಂ, ವೆಸ್ಟ್ ವ್ಯಾಲಿ ಬಂತು, ಎಷ್ಟು ಮರ ನೋಡಿ! ಬೆಳಿಗ್ಗೆ ಡಿ ಆಂಝಾನೇ ಅಂತಿದ್ದೆ. ಈಗ ಇದೇ ಸರಿ ಅನ್ಸ್ತಿದೆ. ಹನ್ನೆರಡು ವಾರದ ಕ್ವಾರ್ಟರ್ ಓಟ ಇವಳಿಗೆ ಆಗಿಬರಲ್ಲ, ನಿಧಾನವಾಗಿ ಓದೋ ಹುಡುಗಿ. ಅಗೋ, ಕೌನ್ಸೆಲರ್ ಕರೀತಿದಾರೆ, ಒಳಗೆ ಕ್ಯಾಮೆರಾ ತರಬೇಡಿ ಅಂದಿದಾರೆ. ಆಫ್ ಮಾಡ್ತೀನಿ.