ನಾಲ್ಕು ದಿನದ ಮಾತ್ರೆ

ಕೇಳುಗರೇ, ನಮಸ್ಕಾರ.

ಮೊನ್ನೆ ಮೆಡಿಕಲ್ ಶಾಪಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ನಿಂತಿದ್ದರು. ಚೀಟಿಯಲ್ಲಿ ಹದಿನೈದು ದಿನದ ಮಾತ್ರೆ ಬರೆದಿತ್ತು. ರೇಟು ಕೇಳಿದರು. ಸೆರಗಿನ ಗಂಟು ಬಿಚ್ಚಿ ನೋಟು ಎಣಿಸಿದರು. "ಸದ್ಯ ನಾಲ್ಕು ದಿನದ್ದು ಕೊಡಪ್ಪಾ" ಅಂದರು. ಹುಡುಗ ಕತ್ತರಿ ತೆಗೆದು ಶೀಟು ಕತ್ತರಿಸಿದ. ಉಳಿದದ್ದು ಮತ್ತೆ ಡಬ್ಬಕ್ಕೆ ಹೋಯಿತು. ನೀವೂ ಇಂಥದ್ದನ್ನು ನೋಡಿರುತ್ತೀರಿ, ಅಲ್ವಾ?

ಬೆಲೆ ಕೊಡಲಾಗದವರಿಗೆ ಔಷಧಿಯ ಮೇಲೆ ಹಕ್ಕು ಇದೆಯೋ ಇಲ್ಲವೋ? ನಮ್ಮ ದೇಶದಲ್ಲಿ ಒಮ್ಮೆ ಈ ಪ್ರಶ್ನೆಗೆ ಲೆಕ್ಕ ಹಾಕಿಯೇ ಉತ್ತರ ಕೊಟ್ಟರು.

ನೆಕ್ಸಾವರ್ ಅಂತ ಒಂದು ಮಾತ್ರೆ. ಲಿವರ್ ಮತ್ತು ಕಿಡ್ನಿ ಕ್ಯಾನ್ಸರ್ ಬಲಿತವರಿಗೆ ಕೊಡುವಂಥದ್ದು. ರೋಗ ವಾಸಿ ಮಾಡುವುದಿಲ್ಲ, ಬದುಕಿನ ದಿನ ಹೆಚ್ಚಿಸುತ್ತದೆ. ಅದರ ಪೇಟೆಂಟ್, ಅಂದರೆ ಮಾಡಿ ಮಾರುವ ಏಕೈಕ ಹಕ್ಕು, ಆಗ ಜರ್ಮನಿಯ ಬೇಯರ್ ಕಂಪನಿಯದಾಗಿತ್ತು. ತಿಂಗಳಿಗೆ 120 ಮಾತ್ರೆ, ಬೆಲೆ ಆಗ ಸುಮಾರು 2.80 ಲಕ್ಷ ರೂಪಾಯಿ! ಅದನ್ನೇ ಅಗ್ಗಕ್ಕೆ ಮಾಡಿಕೊಡುತ್ತೇವೆ ಅಂತ ಹೈದರಾಬಾದಿನ ನ್ಯಾಟ್ಕೊ ಕಂಪನಿ ಸರ್ಕಾರದ ಪೇಟೆಂಟ್ ಕಚೇರಿಗೆ ಪರವಾನಗಿ ಕೇಳಿ ಅರ್ಜಿ ಹಾಕಿತು. 2012ರ ಮಾರ್ಚಿನಲ್ಲಿ ಆ ಕಚೇರಿಯ ಮುಖ್ಯಸ್ಥ, ಪೇಟೆಂಟ್ ಕಂಟ್ರೋಲರ್ ಪಿ.ಎಚ್. ಕುರಿಯನ್ ಒಪ್ಪಿದರು. ಮಾತ್ರೆ ಬೇಕಾದವರಲ್ಲಿ ನೂರಕ್ಕೆ ಎರಡು ಚಿಲ್ಲರೆ ಮಂದಿಗಷ್ಟೇ ಅದು ಸಿಗುತ್ತಿದೆ ಎಂದು ಆದೇಶದಲ್ಲೇ ಬರೆದರು. ತಿಂಗಳ ಬೆಲೆ 8,880 ರೂಪಾಯಿ ದಾಟಬಾರದು, ವರ್ಷಕ್ಕೆ 600 ಬಡ ರೋಗಿಗಳಿಗೆ ಪುಕ್ಕಟೆ ಕೊಡಬೇಕು, ಮಾರಾಟದಲ್ಲಿ ಶೇ. 6 ಬೇಯರ್‌ಗೆ ಸೇರಬೇಕು ಎಂದರು. ಬೇಯರ್ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2014ರಲ್ಲಿ ಅಲ್ಲೂ ಗೆಲ್ಲಲಿಲ್ಲ.

ಹೊಸ ಔಷಧಿ ಹುಡುಕಲು ವರ್ಷಗಟ್ಟಲೆ ದುಡ್ಡು ಸುರಿಯಬೇಕು ಎಂದು ಕಂಪನಿಗಳು ಹೇಳುತ್ತವೆ. ಅದು ನಿಜ. ಆ ದುಡ್ಡು ಅವರಿಗೆ ವಾಪಸ್ ಬರಲಿ. ಆದರೆ ನೂರರಲ್ಲಿ ತೊಂಬತ್ತೇಳು ಜನರನ್ನು ಹೊರಗೆ ನಿಲ್ಲಿಸುವ ಬೆಲೆಯನ್ನು ನ್ಯಾಯ ಅಂತ ನಾನು ಒಪ್ಪಲಾರೆ.

ನನ್ನನ್ನು ಕಾಡುವ ಮಾತು ಇನ್ನೊಂದಿದೆ. ಅರ್ಜಿ ಹಾಕಿದ್ದು ರೋಗಿ ಅಲ್ಲ, ಮತ್ತೊಂದು ಕಂಪನಿ. ಅದಕ್ಕೂ ಲಾಭ ಕಂಡಿತ್ತು, ಹಾಗಾಗಿ ಬಂತು. ಲಾಭ ಕಾಣದೆ ಯಾರೂ ಬರದಿದ್ದರೆ? 2013ರಲ್ಲಿ ಮತ್ತೊಂದು ಕ್ಯಾನ್ಸರ್ ಔಷಧಿಗೆ ಇನ್ನೊಂದು ಕಂಪನಿ ಇಂಥದ್ದೇ ಪರವಾನಗಿ ಕೇಳಿತು. ಪೇಟೆಂಟ್ ಇದ್ದವರ ಜೊತೆ ಮೊದಲು ಸರಿಯಾಗಿ ಮಾತುಕತೆ ನಡೆಸಿಲ್ಲ ಎಂದು ಆ ಅರ್ಜಿ ಬಿದ್ದುಹೋಯಿತು. ಆ ಔಷಧಿಗಾಗಿ ಕಾಯುತ್ತಿದ್ದ ರೋಗಿಯದು ಅದರಲ್ಲೇನು ತಪ್ಪು?

ಪೇಟೆಂಟ್ ಕಾಯ್ದೆಯ 92ನೇ ಸೆಕ್ಷನ್ನಿನಲ್ಲಿ, ತುರ್ತು ಇದ್ದಾಗ ಕೇಂದ್ರ ಸರ್ಕಾರವೇ ಅಧಿಸೂಚನೆ ಹೊರಡಿಸಿ ಇಂಥ ಪರವಾನಗಿಗೆ ದಾರಿ ಮಾಡಬಹುದು. ಯಾವ ಕಂಪನಿಯ ಅರ್ಜಿಗೂ ಕಾಯದೆ ಸರ್ಕಾರ ಆ ಹೆಜ್ಜೆ ಇಡಲಿ ಎಂದು ಕೇಳುತ್ತಿದ್ದೇನೆ.

ನಮಸ್ಕಾರ.