ದಿವಾಡಿ ದ್ವೀಪ, ಮಳೆಗಾಲ, ಒದ್ದೆಯಾದ ಇಪ್ಪತ್ತಮೂರು ಪುಸ್ತಕಗಳು

ನಮಸ್ಕಾರ. ಮಳೆಯ ಸದ್ದಿನಲ್ಲಿ ನನ್ನ ಮಾತು ಕೇಳಿಸಲಿಲ್ಲ. ಆದ್ದರಿಂದ ರಾತ್ರಿ ಕಾನ್ವೆಂಟಿನಲ್ಲಿ ಕುಳಿತು ಈ ವಿಡಿಯೊಗೆ ಧ್ವನಿ ಸೇರಿಸುತ್ತಿದ್ದೇನೆ. ಇದು ಹಳೆ ಗೋವಾದ ಫೆರಿ ಕಟ್ಟೆ. ಹಿಂದೆ ಕಾಣುವುದು ವೈಸರಾಯ್ ಕಮಾನು, ಎದುರಿಗಿರುವುದು ಮಾಂಡೋವಿ ನದಿ, ಆಚೆ ದಡವೇ ದಿವಾಡಿ, ನಾನು ಪಾಠ ಮಾಡುವ ದ್ವೀಪ. ನಡೆದು ಹತ್ತುವವರಿಗೆ ಫೆರಿಗೆ ದುಡ್ಡಿಲ್ಲ.

ಆ ನೀಲಿ ಚೀಲವನ್ನು ಗಮನಿಸಿ. ಅದರಲ್ಲಿ ನಾಲ್ಕನೇ ತರಗತಿಯ ಇಪ್ಪತ್ತಮೂರು ಪುಸ್ತಕಗಳಿವೆ. ತಿದ್ದಲು ಒಯ್ದಿದ್ದೆ, ಹಿಂದಿರುಗಿಸಲು ತರುತ್ತಿದ್ದೆ. ಉಬ್ಬರದ ಹೊತ್ತು, ನೀರು ಕಟ್ಟೆಯ ಇಳಿಜಾರಿನವರೆಗೂ ಏರಿತ್ತು. ಕೊಡೆ ಬಿಚ್ಚಲೆಂದು ಚೀಲವನ್ನು ಕೆಳಗಿಟ್ಟೆ. ಸ್ಕೂಟರ್ ಒಂದು ಹಿಂದಕ್ಕೆ ಜಾರಿತು, ಚಕ್ರ ತಗುಲಿ ಚೀಲ ನದಿಗೆ ಬಿತ್ತು. ಫೆರಿಯ ಸಿಬ್ಬಂದಿಯೊಬ್ಬರು ಉದ್ದನೆಯ ಕೋಲು ಚಾಚಿ ಎತ್ತಿಕೊಟ್ಟರು. ದೇವರು ಅವರನ್ನು ಚೆನ್ನಾಗಿಟ್ಟಿರಲಿ. ಆದರೆ ಪುಸ್ತಕಗಳು ಆಗಲೇ ನೆನೆದು ಉಬ್ಬಿದ್ದವು.

ಆ ಕ್ಷಣ ನನಗೆ ಅನಿಸಿದ್ದು ಒಂದೇ: ಇಲ್ಲಿಗೆ ಸೇತುವೆ ಬೇಕೇ ಬೇಕು.

ಅವು ಬರೀ ಗಣಿತದ ಪುಸ್ತಕಗಳಾಗಿದ್ದರೆ ಇಷ್ಟು ಸಂಕಟಪಡುತ್ತಿರಲಿಲ್ಲ. ಅಜ್ಜಿಯನ್ನು ಕೇಳಿ ಅಡುಗೆಮನೆಯ ಮಾತುಗಳನ್ನು ಬರೆದು ತನ್ನಿ ಎಂದು ಹೇಳಿದ್ದೆ. ಬುಡ್ಕುಲೆಂ, ಕುಂಡ್ಲೆಂ ಎಂದು ಮಣ್ಣಿನ ಪಾತ್ರೆಗಳ ಹೆಸರುಗಳನ್ನು ಹುಡುಕಿ ತಂದಿದ್ದರು. ಶಾಯಿ ಪೆನ್ನಿನಲ್ಲೇ ಬರೆಯಬೇಕೆಂದು ಹಟ ಹಿಡಿದವಳು ನಾನೇ. ಅಕ್ಷರ ದುಂಡಗಾಗುತ್ತದೆ ಎಂಬ ನಂಬಿಕೆ. ಆ ನಂಬಿಕೆಯನ್ನು ಇಂದು ಕೈಬಿಟ್ಟಿದ್ದೇನೆ.

ಫೆರಿ ದಾಟುವಷ್ಟರಲ್ಲಿ ಒಂದು ಮಾತು. ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಜೆಸ್ಯೂಟ್ ಪಾದ್ರಿ 1579ರಲ್ಲಿ ಗೋವಾಕ್ಕೆ ಬಂದರು. ಅವರು ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ಗೋವಾದ ರಾಚೋಲಿನಲ್ಲಿ ಅಚ್ಚಾಯಿತು. ಅದರ ಹೆಸರಿನಲ್ಲಿ ಕೊಂಕಣಿಯನ್ನು ‘ಕನಾರಿಂ’ ಎಂದೇ ಕರೆಯಲಾಗಿದೆ. ಕಲಿಸಲು ಬಂದವರು ಮೊದಲು ಕಲಿಯಬೇಕು, ಅವರು ಕಲಿತರು. ನಾನು ಕುಮಟಾದವಳು. ಮನೆಯಲ್ಲಿ ಕೊಂಕಣಿ ಮಾತು, ಪ್ರಾರ್ಥನೆಯ ಪುಸ್ತಕ ಮಾತ್ರ ಕನ್ನಡ ಲಿಪಿಯಲ್ಲಿ. ಇಲ್ಲಿಗೆ ಬಂದ ಮೇಲೆ ಅದೇ ಕೊಂಕಣಿಯನ್ನು ದೇವನಾಗರಿಯಲ್ಲಿ ಓದಲು, ಬರೆಯಲು ಕಲಿತೆ. ಚರ್ಚಿನಲ್ಲಿ ಅದೇ ಭಾಷೆ ರೋಮನ್ ಲಿಪಿಯಲ್ಲಿ... ಫೆರಿ ದಡ ಮುಟ್ಟಿತು, ಇಳಿಯೋಣ.

ಇಕ್ಕೆಲದಲ್ಲೂ ಖಾಜನ್ ಗದ್ದೆಗಳು. ನಮ್ಮ ಕಡೆ ಇದನ್ನೇ ಗಜನಿ ಎನ್ನುತ್ತೇವೆ. ಉಪ್ಪುನೀರು ತಡೆಯುವ ಕಟ್ಟ, ಅದಕ್ಕೊಂದು ತೂಬು. ಉಬ್ಬರದ ನೀರು ಹೊರಗಿನಿಂದ ಒತ್ತಿದಾಗ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತದೆ, ಇಳಿತದಲ್ಲಿ ತೆರೆದುಕೊಂಡು ಒಳಗಿನ ನೀರನ್ನು ಬಿಡುತ್ತದೆ. ನಮ್ಮಲ್ಲಿ ಕಗ್ಗ ಭತ್ತ, ಇಲ್ಲಿ ಕೊರ್ಗುಟ್. ವಿಜ್ಞಾನದ ಪಾಠಕ್ಕೆ ಮಕ್ಕಳನ್ನು ಇಲ್ಲಿಗೇ ಕರೆತರುತ್ತೇನೆ.

ತರಗತಿಯನ್ನು ಚಿತ್ರಿಸಿಲ್ಲ, ಮಕ್ಕಳ ಮುಖ ತೋರಿಸುವುದಿಲ್ಲ. ಚೀಲ ಬಿಚ್ಚಿದಾಗ ಯಾರೂ ಅಳಲಿಲ್ಲ. ಪುಟಗಳ ನಡುವೆ ಹಳೆಯ ಪತ್ರಿಕೆ ಇಟ್ಟು, ಫ್ಯಾನಿನ ಕೆಳಗೆ ಹರಡಿದೆವು. ಮಧ್ಯಾಹ್ನದ ಹೊತ್ತಿಗೆ ಕರೆಂಟು ಹೋಯಿತು. ಮತ್ತೆ ಮಕ್ಕಳೇ ರಟ್ಟು ಹಿಡಿದು ಗಾಳಿ ಬೀಸಿದರು. ಹೆಚ್ಚಿನ ಪುಟಗಳಲ್ಲಿ ನೀಲಿ ಕಲೆಯಷ್ಟೇ ಉಳಿದಿದೆ.

ಒಂದು ಪುಸ್ತಕ ಮಾತ್ರ ಸರಿಯಾಗಿ ಉಳಿಯಿತು. ಗದಗದ ಕಡೆಯ ಹುಡುಗಿಯದು. ಅಪ್ಪ ಅಮ್ಮ ಇಲ್ಲಿ ಮನೆ ಕಟ್ಟುವ ಕೆಲಸಕ್ಕೆ ಬಂದವರು. ಪೆನ್ನಿಲ್ಲದೆ ಪೆನ್ಸಿಲಿನಲ್ಲಿ ಬರೆದಿದ್ದಳು: ರೊಟ್ಟಿ, ಶೇಂಗಾ ಹಿಂಡಿ, ಪುಂಡಿ ಪಲ್ಲೆ. ಎಲ್ಲವೂ ದೇವನಾಗರಿಯಲ್ಲಿ. ತನ್ನ ಮಾತಿನ ಅಕ್ಷರ ಅವಳಿಗೆ ಗೊತ್ತಿಲ್ಲ. ಇದು ನನ್ನನ್ನು ದಿನವಿಡೀ ಬಿಡಲಿಲ್ಲ. ಶಾಲೆ ಬಿಟ್ಟ ಮೇಲೆ ಪ್ರತಿ ಪದದ ಕೆಳಗೂ ಕನ್ನಡದಲ್ಲಿ ಬರೆದು ತೋರಿಸಿದೆ. ‘ರೊಟ್ಟಿ’ಯ ಟಕಾರದ ಒತ್ತನ್ನು ಅವಳು ಬೆರಳಿನಿಂದ ಹಲವು ಸಲ ತೀಡಿದಳು. ಕರೆದೊಯ್ಯಲು ಬಂದ ಅವಳ ತಾಯಿ, “ಸಿಸ್ಟರ್, ನನಗೂ ಕಲಿಸುತ್ತೀರಾ?” ಎಂದು ಕೇಳಿದರು. ಶನಿವಾರ ಬನ್ನಿ ಎಂದಿದ್ದೇನೆ.

ಸಂಜೆಯ ಫೆರಿ ಇದು. ಮಳೆ ನಿಂತಿದೆ. ಸೇತುವೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಈ ನದಿ ಹೀಗೇ ಇರಲಿ.

ನಾಳೆಯಿಂದ ಪುಸ್ತಕಗಳು ಈ ಪ್ಲಾಸ್ಟಿಕ್ ಡಬ್ಬಿಯಲ್ಲಿ. ಒತ್ತಿ ನೋಡುತ್ತೇನೆ. ಹಾಂ, ಮುಚ್ಚಳ ಬಿಗಿಯಾಗಿದೆ.