ಕಕ್ಕಡದ ಮಳೆ ಮತ್ತು ಪುಟ್ಟ ಕಾರುಗಳು

ಮಾನ್ಯ ಸಭಿಕರೇ,

ಹಳೆಯ ಐಷಾರಾಮಿ ಕಾರುಗಳ ಡೈ-ಕಾಸ್ಟ್, ಅಂದರೆ ಅಚ್ಚಿನಲ್ಲಿ ಲೋಹದ ಎರಕ ಹೊಯ್ದ, ಪುಟ್ಟ ಮಾದರಿಗಳನ್ನು ಕುರಿತು ಮಡಿಕೇರಿಯಲ್ಲಿ ಮಾತನಾಡುವವರು ಅವುಗಳ ಬೆಲೆಗಿಂತ ಮೊದಲು ಲೋಹದ ವಿಚಾರವನ್ನು ಹೇಳಬೇಕು ಎಂದು ನಾನು ನಂಬಿದ್ದೇನೆ. ಕೊಡಗಿನ ಕಕ್ಕಡ ತಿಂಗಳ ಮಳೆ ಹಿಡಿಯಿತೆಂದರೆ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಬರುವ ನಮ್ಮ ಮನೆಗಳಲ್ಲಿ ಸಂಗ್ರಹವೆಂದರೆ ಬಹುಪಾಲು ಆರೈಕೆಯೇ.

ಸತುವಿಗೆ ಅಲ್ಯೂಮಿನಿಯಂ, ತಾಮ್ರ ಮತ್ತು ತುಸು ಮೆಗ್ನೀಸಿಯಂ ಬೆರೆಸಿ ಕರಗಿಸಿದ ಲೋಹವನ್ನು ಒತ್ತಡದಿಂದ ಉಕ್ಕಿನ ಅಚ್ಚಿನೊಳಕ್ಕೆ ತುಂಬಿ ಈ ಕಾರುಗಳನ್ನು ಎರಕ ಹೊಯ್ಯುತ್ತಾರೆ. ಅಳತೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ 1:43, ಅಂದರೆ ನಿಜವಾದ ಕಾರಿನ ನಲವತ್ತಮೂರನೆಯ ಒಂದು ಪಾಲು, ಒಂದು ಅಡಿಗೆ 7 ಮಿ.ಮೀ. ಎಂಬ ಆಟಿಕೆ ರೈಲಿನ ಲೆಕ್ಕದಿಂದ ಬಂದದ್ದು. ಐದು ಮೀಟರಿಗೂ ಉದ್ದದ ರೋಲ್ಸ್-ರಾಯ್ಸ್ ಸಿಲ್ವರ್ ಶ್ಯಾಡೋ ಈ ಅಳತೆಯಲ್ಲಿ ಸುಮಾರು 12 ಸೆಂ.ಮೀ. ಆಗಿ ಅಂಗೈ ಮೇಲೆ ನಿಲ್ಲುತ್ತದೆ. 1:18ರಲ್ಲಿ ಅದೇ ಕಾರು 28 ಸೆಂ.ಮೀ. ದಾಟುತ್ತದೆ.

ಲಿವರ್‌ಪೂಲಿನ ಮೆಕ್ಯಾನೋ ಕಂಪನಿ 1934ರಿಂದ ಡಿಂಕಿ ಟಾಯ್ಸ್ ಎಂಬ ಹೆಸರಿನಲ್ಲಿ ಮಾರಿದ, ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಪುಟ್ಟ ಕಾರುಗಳಲ್ಲಿ ಎಷ್ಟೋ ಇಂದು ಬಿರುಕುಬಿಟ್ಟಿವೆ. ಸತುವಿನಲ್ಲಿ ಅತ್ಯಲ್ಪ ಸೀಸ ಸೇರಿಕೊಂಡಿದ್ದರೂ ಅದು ಲೋಹದ ಹರಳುಗಳ ಅಂಚಿನಲ್ಲಿ ಕೂಡಿಕೊಳ್ಳುತ್ತದೆ; ತೇವ ಮತ್ತು ಬಿಸಿ ಸೇರಿದಾಗ ಅಲ್ಲಿಂದಲೇ ಸವೆತ ಶುರುವಾಗಿ, ಲೋಹ ಉಬ್ಬಿ, ಬಣ್ಣ ಎದ್ದು, ಕೊನೆಗೆ ಕಾರು ಕೈಯಲ್ಲೇ ಪುಡಿಯಾಗುತ್ತದೆ. ಸಂಗ್ರಾಹಕರು ಇದನ್ನು ಝಿಂಕ್ ಪೆಸ್ಟ್ ಎನ್ನುತ್ತಾರೆ. ಇದಕ್ಕೆ ಮದ್ದಿಲ್ಲ. ಆದುದರಿಂದ ಹಳೆಯ ಮಾದರಿ ಕೊಳ್ಳುವಾಗ ಮೇಲಿನ ಹೊಳಪಿಗೆ ಮರುಳಾಗದೆ, ಕಾರನ್ನು ಬೋರಲು ಹಾಕಿ ಅಡಿಭಾಗವನ್ನೂ ಚಕ್ರದ ಅಂಚನ್ನೂ ಭೂತಗನ್ನಡಿಯಲ್ಲಿ ನೋಡಿರಿ. ಕೂದಲೆಳೆಯಂಥ ಬಿರುಕೊಂದು ಕಂಡರೂ ಹಿಂದಿರುಗಿಸಿರಿ.

ಬಟ್ಟೆಗೆ ಬೂಷ್ಟು ಬಾರದಿರಲೆಂದು ಬೀರುವಿನಲ್ಲಿ ಬಲ್ಬು ಉರಿಸುವುದು ನಮ್ಮಲ್ಲಿ ರೂಢಿ. ನಾನೂ ಒಂದು ಮಳೆಗಾಲ ಕಾರುಗಳಿಗೆ ಹಾಗೆಯೇ ಮಾಡಿ, ಆ ಬಿಸಿಗೆ ಮೆತ್ತನೆಯ ಟೈರುಗಳೊಳಗಿನ ಎಣ್ಣೆಯಂಥ ಅಂಶ ಜಿನುಗಿ ಪ್ಲಾಸ್ಟಿಕ್ ಪೀಠವನ್ನೇ ಕರಗಿಸಿದ್ದನ್ನು ಕಂಡು ಬಹಳ ನೊಂದೆ. ಈಗ ಬಿಗಿ ಮುಚ್ಚಳದ ಡಬ್ಬಿ, ತೇವ ಹೀರುವ ಸಿಲಿಕಾ ಜೆಲ್, ತೇವ ತೋರಿಸುವ ಪುಟ್ಟ ಮಾಪಕ, ಇವಿಷ್ಟೇ ನನ್ನ ಸಲಕರಣೆ. ಟೈರುಗಳು ನೆಲ ಮುಟ್ಟದಂತೆ ಚಕ್ರಗಳನ್ನು ಜೋಡಿಸುವ ಅಚ್ಚಿನ ಕೆಳಗೆ ಮರದ ತುಂಡೊಂದನ್ನು ಕೊಡುತ್ತೇನೆ. ಕಾಫಿ ಬೀಜದ ತೇವವನ್ನು ಅಳೆದು ಚೀಲ ಕಟ್ಟುವ ಬೆಳೆಗಾರರಿಗೆ ಈ ಎಚ್ಚರಿಕೆಯನ್ನು ನಾನು ವಿವರಿಸಬೇಕಾಗಿಲ್ಲ.

ಆಯ್ಕೆಯ ವಿಷಯದಲ್ಲಿ ನಾನು ಸಂಖ್ಯೆಗಿಂತ ಮೂಲ ಕಾರಿಗೆ ನಿಷ್ಠೆಯನ್ನು ಬಯಸುತ್ತೇನೆ. ರೋಲ್ಸ್-ರಾಯ್ಸ್ ಕಾರಿನ ಮೂತಿಯ ಮೇಲಿನ ಸ್ಪಿರಿಟ್ ಆಫ್ ಎಕ್ಸ್‌ಟಸಿ ಮೂರ್ತಿಯನ್ನು ಶಿಲ್ಪಿ ಚಾರ್ಲ್ಸ್ ಸೈಕ್ಸ್ ರೂಪಿಸಿದ್ದು 1911ರಲ್ಲಿ. ಆದ್ದರಿಂದ 1907ರ ಸಿಲ್ವರ್ ಘೋಸ್ಟ್ ಅಂದು ಇದ್ದಂತೆಯೇ ಎಂದು ಮಾರುವ ಮಾದರಿಯ ಮೇಲೆ ಆ ಮೂರ್ತಿ ಕಂಡರೆ, ಅದೆಷ್ಟು ಚೆಂದವಿದ್ದರೂ ನಾನು ಅದನ್ನು ಕೊಳ್ಳುವುದಿಲ್ಲ.